ಕುಂತಿಬೆಟ್ಟದಲ್ಲಿ ಕ್ಯಾಪ್ಟನ್

ತಿ. ನರಸೀಪುರದಲ್ಲಿ ಕಾವೇರಿ ಇದ್ದಾಳೆ, ಕಪಿಲೆ ಇದ್ದಾಳೆ, ಇಬ್ಬರೂ ಸೇರುವಲ್ಲಿ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇದೆಯೆಂದು ನಂಬಿಕೆ. ದಡದಲ್ಲಿ ಗುಂಜಾ ನರಸಿಂಹಸ್ವಾಮಿ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಭತ್ತ, ಕಬ್ಬು. ಇಲ್ಲದ್ದು ಒಂದೇ, ಹಗ್ಗ ಬಿಟ್ಟು ಹತ್ತುವಂಥ ಬಂಡೆ. ಇಂಥ ಊರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಶುಕ್ರವಾರ ರಾತ್ರಿಯ ಬಸ್ಸಿನಿಂದ ಅರವತ್ತು ಲೀಟರಿನ ಬ್ಯಾಗು ಹೊತ್ತು ಇಳಿಯುವವನೇ ಕ್ಯಾಪ್ಟನ್. ಅವನಿಗೆ ಹಡಗಿಲ್ಲ, ಕ್ರಿಕೆಟ್ ತಂಡವೂ ಇಲ್ಲ. ವಾಟ್ಸ್‌ಆ್ಯಪ್ ಗುಂಪೊಂದಿದೆ, ಅದರ ಅಡ್ಮಿನ್ ಅವನೇ.

ಬ್ಯಾಗಿನಲ್ಲಿ ಏನಿಲ್ಲ? ಹಣೆಗೆ ಕಟ್ಟುವ ಬ್ಯಾಟರಿ, ಮಡಚುವ ಕುರ್ಚಿ, ಮಡಚುವ ಲೋಟ, ಸೀಮೆಸುಣ್ಣದ ಪುಡಿಯ ಚೀಲ, ಎರಡು ಸೈಜು ಚಿಕ್ಕದಾದ ಶೂ. ಬಂಡೆ ಹತ್ತುವ ಶೂ ಬೆರಳನ್ನು ಹಿಂಡಬೇಕು, ಹಿಂಡದಿದ್ದರೆ ರಬ್ಬರು ಕಲ್ಲನ್ನು ಕಚ್ಚುವುದಿಲ್ಲ ಎಂದು ಅವನು ವಿವರಿಸುತ್ತಾನೆ. ಮಾತು ನಿಜವೇ. ಅದಕ್ಕೇ ವಿವರಿಸುವಷ್ಟು ಹೊತ್ತೂ ಶೂ ಬಿಚ್ಚಿಟ್ಟು ಹವಾಯಿ ಚಪ್ಪಲಿಯಲ್ಲಿ ನಿಂತಿರುತ್ತಾನೆ.

ಊರ ಹತ್ತಿರ ಬೆಟ್ಟವೇ ಇಲ್ಲವೆಂದರೆ ಮುಡುಕುತೊರೆ ಮಲ್ಲಿಕಾರ್ಜುನ ಮುನಿಸಿಕೊಂಡಾನು. ಆದರೆ ಅಲ್ಲಿ ಮೆಟ್ಟಿಲಿದೆ. ಜಾತ್ರೆಗೆ ಬಂದ ಅಜ್ಜಿಯರು ಬರಿಗಾಲಲ್ಲಿ ಹತ್ತಿ, ಹಣ್ಣುಕಾಯಿ ಮಾಡಿಸಿ, ಕೆಳಗಿಳಿದು ದನದ ರೇಟು ಕೇಳುವ ಬೆಟ್ಟವನ್ನು ಕ್ಯಾಪ್ಟನ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಮಾತ್ರ ‘ಪ್ರಾಕ್ಟೀಸಿಗೆ’ ಆದೀತು. ಪ್ರಾಕ್ಟೀಸು ಸಾಮಾನ್ಯವಾಗಿ ದೊಡ್ಡ ನಂದಿಯವರೆಗೆ ಹೋಗಿ ಚುರುಮುರಿಯಲ್ಲಿ ಮುಗಿಯುತ್ತದೆ.

ಊರ ಪಕ್ಕದಲ್ಲೇ ಟೆಂಟ್ ಹಾಕುವ ಮಾತೆತ್ತಿದರೆ ತಾಯಿ ‘ಚಿರತೆ’ ಅನ್ನುತ್ತಾರೆ, ಚರ್ಚೆ ಮುಗಿಯುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಈ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಕಬ್ಬಿನ ಗದ್ದೆಗಳೇ ಅವುಗಳ ಅಡಗುತಾಣವಾಗಿದ್ದವು. ಕೊನೆಗೆ ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ಕಟ್ಟಬೇಕಾಯಿತು. ಹಾಗಾಗಿ ಗುಂಪು ಪಾಂಡವಪುರದ ಕುಂತಿಬೆಟ್ಟಕ್ಕೆ ಹೊರಡುತ್ತದೆ. ಆ ಕಡೆಯೂ ಚಿರತೆಗಳಿವೆ ಎಂಬುದನ್ನು ಕ್ಯಾಪ್ಟನ್ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಗುಂಪಿನಲ್ಲಿ ಹನ್ನೆರಡು ಜನ ‘ಪಕ್ಕಾ’ ಅಂದಿರುತ್ತಾರೆ, ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬರುವವರು ಐದು. ಅವರಲ್ಲಿ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನೈಟ್ ಶಿಫ್ಟ್ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದವನೊಬ್ಬ. ಅವನ ಕೈಯಲ್ಲಿ ರಸಬಾಳೆಯ ಚಿಪ್ಪು. ಇನ್ನೊಬ್ಬನದು ಅಪ್ಪನ ಕಾಲದ ಶಾಮಿಯಾನ ವ್ಯಾಪಾರ. ದಾರಿಯಲ್ಲಿ ಬನ್ನೂರಿನಲ್ಲಿ ಗಾಡಿ ನಿಲ್ಲಲೇಬೇಕು. ಬನ್ನೂರು ಕುರಿಯ ಮಾಂಸದ ಹೆಸರು ಕೇಳಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ತಾಲ್ಲೂಕಿನವರೇ ಹಾಗೇ ಹೋಗುವುದುಂಟೆ?

ಕುಂತಿಬೆಟ್ಟದ ಬುಡದಲ್ಲಿ ಕ್ಯಾಪ್ಟನ್ ಇತಿಹಾಸ ಬಿಚ್ಚುತ್ತಾನೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬಿಡಾರ ಹೂಡಿದ್ದರು. ಅದರಿಂದಲೇ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಅಂದರು, ಪಾಂಡವಪುರಕ್ಕೂ ಬಹಳ ಕಾಲ ಅದೇ ಹೆಸರಿತ್ತು.

“ಅಂದ್ರೆ ಇಲ್ಲಿ ಕ್ಯಾಂಪಿಂಗ್ ಶುರು ಮಾಡ್ದೋರೇ ಫ್ರೆಂಚರು.”

“ಅದಕ್ಕೂ ಮುಂಚೆ ಪಾಂಡವ್ರು ಬಂದಿರ್ನಿಲ್ವೇನ್ಲಾ, ಅವ್ವನ್ನೂ ಕರ್ಕೊಂಡು?” ಅನ್ನುತ್ತಾನೆ ಶಾಮಿಯಾನದವನು. ಕುಂತಿ ಒನಕೆ ಹಿಡಿದು ಭತ್ತ ಕುಟ್ಟಿದ ಜಾಗವೆಂದು ಊರವರು ತೋರಿಸುವ ಬೆಟ್ಟದಲ್ಲಿ ಈ ಮಾತಿಗೆ ಎದುರಿಲ್ಲ.

ಪರಿಚಯದವರ ತೆಂಗಿನ ತೋಟದ ಅಂಚಿನಲ್ಲಿ ಟೆಂಟು. ವಿಡಿಯೊದಲ್ಲಿ ಎರಡು ನಿಮಿಷದಲ್ಲಿ ಎದ್ದು ನಿಲ್ಲುವ ಟೆಂಟಿನ ಗೂಟ ಇಲ್ಲಿ ನಾಲ್ಕು ಬೆರಳು ಇಳಿದು ಟಣ್ ಅನ್ನುತ್ತದೆ. ಕೆಳಗೆಲ್ಲ ಕಲ್ಲು. ಕ್ಯಾಪ್ಟನ್ ಅಲ್ಯೂಮಿನಿಯಂ ಗೂಟವನ್ನು ಸುತ್ತಿಗೆಯಲ್ಲಿ ಬಾಗಿಸಿ, ನೇರ ಮಾಡಿ, ಮತ್ತೆ ಬಾಗಿಸುತ್ತಾನೆ. ಶಾಮಿಯಾನದವನು ಬೀಡಿ ಮುಗಿಯುವವರೆಗೂ ನೋಡಿ, ಎದ್ದು, ನಾಲ್ಕು ದಪ್ಪ ಕಲ್ಲು ಉರುಳಿಸಿ ತಂದು, ಎಳೆದರೆ ಬಿಗಿಯಾಗಿ ತಳ್ಳಿದರೆ ಸಡಿಲಾಗುವ ಗಂಟು ಹಾಕಿ ಕೈ ಒರೆಸಿಕೊಂಡ. 2025ರ ಫೆಬ್ರವರಿಯಲ್ಲಿ ಸಂಗಮದ ಕುಂಭಮೇಳಕ್ಕೆ ಮರಳಿನ ಮೇಲೆ ಪೆಂಡಾಲ್ ನಿಲ್ಲಿಸಿದ ಕೈ ಅದು. ಕ್ಯಾಪ್ಟನ್ ಫೋಟೊ ಹಿಡಿದು ‘ನ್ಯಾಚುರಲ್ ಆ್ಯಂಕರ್’ ಎಂದು ಸ್ಟೇಟಸ್ ಹಾಕಿದ. ಕಟ್ಟಿದವನ ಹೆಸರು ಅದರಲ್ಲಿರಲಿಲ್ಲ.

ಮಟನ್ ಕಥೆ ಚುಟುಕು. ಹೊರಗೆ ಇದ್ದಲಾಯಿತು, ಒಳಗೆ ಬೇಯಲಿಲ್ಲ. ಎಲ್ಲರೂ ರಸಬಾಳೆ ತಿಂದು ಮಲಗಿದರು.

ಬೆಳಗ್ಗೆ ಬಂಡೆ. ಇಲ್ಲಿ ಕ್ಯಾಪ್ಟನ್ನನ್ನು ಸುಮ್ಮನೆ ಗೇಲಿ ಮಾಡಿದರೆ ತಪ್ಪಾದೀತು. ಬಾಡಿಗೆ ಹಗ್ಗದ ಜೊತೆ ತರಬೇತುದಾರರೊಬ್ಬರನ್ನೂ ಗೊತ್ತು ಮಾಡಿರುತ್ತಾನೆ. ಹೆಲ್ಮೆಟ್ ಇಲ್ಲದವನನ್ನು ಹತ್ತಿರ ಸೇರಿಸುವುದಿಲ್ಲ. ಅಂಚಿನಲ್ಲಿ ನಿಂತು ರೀಲ್ ಮಾಡುವವನನ್ನು ಕಾಲರ್ ಹಿಡಿದು ಎಳೆಯುತ್ತಾನೆ. ಹೆಜ್ಜೇನು ಕಂಡರೆ ಗುಂಪನ್ನೇ ಇನ್ನೊಂದು ಬದಿಗೆ ಹೊರಡಿಸುತ್ತಾನೆ. ಎಂಟರಾಕಾರದ ಗಂಟನ್ನು ಸೊಂಟದ ಪಟ್ಟಿಗೆ ಪೋಣಿಸಿ, ಬಂದ ದಾರಿಯಲ್ಲೇ ಹಗ್ಗವನ್ನು ಮರಳಿ ಓಡಿಸಿ, ಎಳೆಗಳು ಜೋಡಿ ಜೋಡಿಯಾಗಿ ಕೂತಿವೆಯೇ ಎಂದು ಬೆರಳಿಟ್ಟು ಎಣಿಸುತ್ತಾನೆ. ಐದೂ ಜನರದ್ದು, ಎರಡೆರಡು ಸಲ. ವಾರಾಂತ್ಯಕ್ಕೆ ಬೆಟ್ಟ ನೋಡಲು ನುಗ್ಗುವ ಎಷ್ಟೋ ಗುಂಪುಗಳಿಗೆ ಈ ತಾಳ್ಮೆ ಇಲ್ಲ.

ಉಪನ್ಯಾಸವೂ ಉಂಟು. ಬಾದಾಮಿಯ ಮರಳುಗಲ್ಲಿನಲ್ಲಿ ಬೆರಳಿಗೆ ಅಂಚು ಸಿಗುತ್ತದೆ, ಅದಕ್ಕೇ ಹೊರದೇಶದವರೂ ಅಲ್ಲಿಗೆ ಬರುತ್ತಾರೆ. ನಮ್ಮ ಕಡೆಯ ಗ್ರಾನೈಟು ಬೋಳು. ಇಲ್ಲಿ ಹಿಮ್ಮಡಿ ಇಳಿಸಿ, ಪಾದದ ಘರ್ಷಣೆಯನ್ನೇ ನಂಬಬೇಕು. ಬಂಡೆಗೆ ಅಪ್ಪಿಕೊಂಡವನು ಜಾರುತ್ತಾನೆ, ಮೈ ದೂರ ಇಟ್ಟವನು ನಿಲ್ಲುತ್ತಾನೆ. ಇಷ್ಟು ಹೇಳಿ, ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಹೆಸರೆತ್ತಿ, ನೈಟ್ ಶಿಫ್ಟಿನವನನ್ನು ಮೊದಲು ಹತ್ತಿಸುತ್ತಾನೆ. ಅವನು ಆಕಳಿಸುತ್ತಲೇ ತುದಿ ಮುಟ್ಟಿ ಬಂದ.

ಕ್ಯಾಪ್ಟನ್ ಸರದಿ ಕೊನೆಗೆ. ಅರ್ಧದವರೆಗೆ ಚೆನ್ನಾಗಿಯೇ ಹೋದ. ಅಲ್ಲಿ ಅದೇಕೋ ಕೆಳಗೆ ನೋಡಿದ. ಎಡಗಾಲು ಹೊಲಿಗೆ ಮೆಷಿನ್ನಿನಂತೆ ಕುಟ್ಟತೊಡಗಿತು. ಎರಡೂ ಕೈ ಚಾಚಿ ಬಂಡೆಯನ್ನು ತಬ್ಬಿಕೊಂಡ.

“ಅಪ್ಕೋಬ್ಯಾಡ ಕಣ್ಲಾ, ಜಾರ್ತೀಯ!”

“ಹಿಮ್ಮಡಿ ಇಳ್ಸು ಕ್ಯಾಪ್ಟನ್ನೇ, ಹಿಮ್ಮಡಿ!”

“ಮೈ ದೂರ ಇಡು ಅಂತ ಹೇಳ್ದೋನು ನೀನೇ ಅಲ್ವಾ!”

ತರಬೇತುದಾರರು ನಗದೆ ಹಗ್ಗ ಬಿಗಿ ಹಿಡಿದು, ನಿಧಾನಕ್ಕೆ ಕೆಳಗಿಳಿಸಿದರು. ಗಾಳಿ ಜಾಸ್ತಿ ಇತ್ತು ಎಂದು ಕ್ಯಾಪ್ಟನ್ ವರದಿ ಒಪ್ಪಿಸಿದ. ಪಕ್ಕದ ತೋಟದಲ್ಲಿ ತೆಂಗಿನ ಗರಿಯೊಂದೂ ಅಲುಗುತ್ತಿರಲಿಲ್ಲ.

ಸೋಮವಾರ ಬೆಂಗಳೂರಿನ ಬಸ್ಸಿನಲ್ಲಿ ಕೂತೇ ಲೆಕ್ಕ ಕಳಿಸುತ್ತಾನೆ. ಹಗ್ಗ, ಹೆಲ್ಮೆಟ್ಟು, ಪೆಟ್ರೋಲು, ಬೇಯದ ಮಟನ್ನು, ಎಲ್ಲವನ್ನೂ ಪೈಸೆಯವರೆಗೆ ಐದರಿಂದ ಭಾಗಿಸಿ. ಪೂರ್ತಿ ಹತ್ತಿದವನಿಗೂ ಅರ್ಧ ಹತ್ತಿದವನಿಗೂ ಒಂದೇ ರೇಟು ಹೇಗಪ್ಪಾ ಎಂದು ನಂಜನಗೂಡಿನಿಂದ ತಕರಾರು ಬಂತು. ಬೆನ್ನಿಗೇ ಶಾಮಿಯಾನದವನ ಅಚ್ಚು ಹಾಕಿದ ಬಿಲ್ಲಿನ ಫೋಟೊ: ಟೆಂಟ್ ನಿಲ್ಲಿಸಿದ ಕೂಲಿ, ಕಲ್ಲು ಸಾಗಣೆ, ಗಂಟು ನಾಲ್ಕು. ಕೆಳಗೆ, ‘ಕುಂಭಮೇಳದ ದರ ಅನ್ವಯ’. ಎರಡು ನೀಲಿ ಗೆರೆ ಮೂಡಿದವು. ಮದ್ದೂರು ದಾಟುವವರೆಗೆ ಕ್ಯಾಪ್ಟನ್ ಸದ್ದಿಲ್ಲ. ಆಮೇಲೆ ಒಂದು ಸಾಲು ಬಂತು: “ಗೃಹಪ್ರವೇಶದ ರೇಟಿಗೆ ಮುಗ್ಸು ಮಗಾ, ಮುಂದಿನ ಸಲ ಸಾವನದುರ್ಗಕ್ಕೂ ನಿಂದೇ ಕಾಂಟ್ರಾಕ್ಟು.”