ಜನವರಿ ಒಂದರ ಅಜ್ಜಿ

ಆಧಾರ್ ಕಾರ್ಡಿನ ಪ್ರಕಾರ ಅಜ್ಜಿ ಹುಟ್ಟಿದ್ದು 1940ರ ಜನವರಿ 1ರಂದು. ಪಕ್ಕದ ಮನೆಯ ದೊಡ್ಡಮ್ಮನದೂ ಜನವರಿ 1. ಕೆಳಗಿನ ಮನೆಯ ಅಜ್ಜಯ್ಯ, ಅವರ ತಂಗಿ, ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಮುದುಕ, ಎಲ್ಲರೂ ಅದೇ ದಿನದವರು. ವರ್ಷ ಮಾತ್ರ ಬೇರೆ ಬೇರೆ. ಸಾಗರ ಸೀಮೆಯ ಒಟ್ಟು ಏಳು ಮನೆಯ ಊರು ಅದು. ಅಡಿಕೆ ತೋಟದ ತಲೆಯಲ್ಲಿ ನಿಂತು ಒಂದು ಕೂ ಹಾಕಿದರೆ ಜನಗಣತಿಯೇ ಮುಗಿಯುತ್ತದೆ. ಈ ಕಾರ್ಡುಗಳನ್ನು ನಂಬುವುದಾದರೆ, ಡಿಸೆಂಬರ್ 31 ಬಂತೆಂದರೆ ಆ ಊರಿನ ಸೂಲಗಿತ್ತಿ ಕಣ್ಣು ಮುಚ್ಚುವಂತಿರಲಿಲ್ಲ.

ಹುಟ್ಟಿದ ತಾರೀಖು ಗೊತ್ತಿಲ್ಲದ ಹಿರಿಯರು ಎದುರು ಕೂತರೆ, ಫಾರಂ ತುಂಬುವವರು ಅಂದಾಜಿಗೊಂದು ವರ್ಷ ಹಿಡಿದು ಅದಕ್ಕೆ ಜನವರಿ 1 ಅಂಟಿಸುವುದು ರೂಢಿ. ಅಜ್ಜಿಯ ಮೂರು ಮಕ್ಕಳಿಗೂ ಹೀಗೇ ಆಗಿತ್ತು, ಆದರೆ ಅವರದು ಜೂನ್ 1. ಶಾಲೆ ಶುರುವಾಗುತ್ತಿದ್ದುದು ಜೂನ್‌ನಲ್ಲಿ. ಮಗುವನ್ನು ಕರೆತಂದವರು ತಾರೀಖು ಹೇಳಲು ತಡವರಿಸಿದರೆ ಮೇಷ್ಟ್ರೇ ಒಂದು ಜೂನ್ 1 ದಯಪಾಲಿಸುತ್ತಿದ್ದರು. ಕನ್ನಡನಾಡಿನ ಅರ್ಧ ತಲೆಮಾರು ಹಾಜರಿ ಪುಸ್ತಕದಲ್ಲಿ ಹುಟ್ಟಿದ್ದು ಹೀಗೆ.

"ಹೆತ್ತವಳನ್ನ ಕೇಳದೇ ಬರ್ಕೊಂಡ್ರೆ ಅದು ಎಂತ ಲೆಕ್ಕ?" ಎಂದು ಅಜ್ಜಿ ಸಿಡುಕುತ್ತಿದ್ದಳು. ಅವಳ ಹತ್ತಿರ ಬೇರೆಯೇ ಪಂಚಾಂಗವಿತ್ತು. ದೊಡ್ಡ ಮಗ ಹುಟ್ಟಿದ್ದು ನಯಾ ಪೈಸೆ ಬಂದ ವರ್ಷ, ಗದ್ದೆ ನೆಟ್ಟಿ ಮುಗಿದ ಮಾರನೇ ದಿನ. ಮಗಳು ಹುಟ್ಟಿದ್ದು ಮುಳುಗಡೆ ವರ್ಷ. ಕಿರಿಯ ಮಗ ಬಾಂಗ್ಲಾ ಯುದ್ಧದವನು. ಮೊದಲ ಮೊಮ್ಮಗ, ಅಂಕೋಲದ ಕಡೆ ಹಗಲೇ ಕತ್ತಲಾದ ಗ್ರಹಣದ ಮರುವಾರದವನು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಯುದ್ಧ 1971ರ ಡಿಸೆಂಬರಿನಲ್ಲಿ, ಗ್ರಹಣ 1980ರ ಫೆಬ್ರವರಿ 16ರಂದು. ಮೇಷ್ಟ್ರ ಪುಸ್ತಕಕ್ಕಿಂತ ಅಜ್ಜಿಯ ಪಂಚಾಂಗವೇ ಗಟ್ಟಿ ಎನ್ನಲು ಇಷ್ಟು ಸಾಕು.

ಶಾಲೆಗೆ ಬೇಗ ಸೇರಲಿ ಎಂದು ಮೇಷ್ಟ್ರು ದೊಡ್ಡ ಮಗನಿಗೆ 1956ರ ಜೂನ್ 1 ಬರೆದಿದ್ದರು. ಸರ್ಕಾರಿ ಕೆಲಸದಲ್ಲಿದ್ದ ಅವನು ಅದೇ ಲೆಕ್ಕದಲ್ಲಿ ನಿವೃತ್ತನಾಗಿ, ಹಾರ ಹಾಕಿಸಿಕೊಂಡು ಮನೆಗೆ ಬಂದ. ಅಜ್ಜಿ ಬೆರಳು ಮಡಚಿ ಎಣಿಸಿ, "ಇನ್ನೂ ಒಂದು ವರ್ಷ ಎರಡು ತಿಂಗಳು ಬಾಕಿ ಉಂಟಲ್ಲ, ಸಂಬಳ ಬಿಟ್ಟು ಬಂದ್ಯಾ?" ಎಂದಳು. ಸನ್ಮಾನದ ಸಂತೋಷವೆಲ್ಲ ಅಲ್ಲಿಗೆ ಇಳಿಯಿತು.

ಮುಳುಗಡೆಯ ಮಾತು ಬಂದಾಗ ಮಾತ್ರ ಅಜ್ಜಿಯ ದನಿ ತುಸು ಕೆಳಗಿಳಿಯುತ್ತಿತ್ತು. ಶರಾವತಿಯ ಹಿನ್ನೀರು ಅವಳ ತವರನ್ನು ನುಂಗಿತ್ತು. "ಬಾಣಂತನಕ್ಕೆ ತವರಿಗೆ ಹೋಗ್ಬೇಕು ಅಂತ ಗಂಟು ಕಟ್ಟಿದ್ದೆ. ತವರೇ ಗಂಟು ಕಟ್ಕೊಂಡು ಲಾರಿ ಹತ್ತಿತು" ಎನ್ನುತ್ತಿದ್ದಳು. ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ, ನೋಡಲು ಜನ ಹೋಗುತ್ತಾರೆ. ಅಜ್ಜಿ ಒಮ್ಮೆಯೂ ಹೋಗಲಿಲ್ಲ. ಆ ಮಾತು ಮುಗಿದ ಕೂಡಲೇ, "ಯಾರಿಗೆ ಕಾಫಿ?" ಎಂದು ಎದ್ದುಬಿಡುತ್ತಿದ್ದಳು.

ಇನ್ನು ಗಂಡನ ಹೆಸರು. ಅದನ್ನು ಬಾಯಿಬಿಟ್ಟು ಹೇಳುವ ಕ್ರಮವೇ ಇರಲಿಲ್ಲ. ರೇಷನ್ ಕಾರ್ಡಿಗೆ ಬರೆದುಕೊಳ್ಳಲು ಬಂದ ಗುಮಾಸ್ತ ಕೇಳಿದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡು, "ತಿರುಪತೀಲಿ ನಿಂತಿದಾರಲ್ಲ, ಅವ್ರ ಹೆಸರೇ" ಎಂದಳು. ತಿಮ್ಮಪ್ಪ ಎಂದು ಬರೆಯುವ ಬದಲು ಗುಮಾಸ್ತ 'ತಿರುಪತಿ' ಎಂದು ಬರೆದುಕೊಂಡು ಹೋದ. ಅಜ್ಜಯ್ಯ ಸಾಯುವವರೆಗೂ ಸೀಮೆಎಣ್ಣೆ, ಸಕ್ಕರೆ ತಂದದ್ದು ತಿರುಪತಿಯ ಹೆಸರಿನಲ್ಲಿ.

ಅಜ್ಜಿಯ ಲೆಕ್ಕದ ಪುಸ್ತಕ ತೆರೆಯುತ್ತಿದ್ದುದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಚಳಿಗಾಲದಲ್ಲಿ ಏಳು ಮನೆಯ ಹೆಂಗಸರು ಸರದಿಯಂತೆ ಒಂದೊಂದು ಮನೆಯ ಅಂಗಳದಲ್ಲಿ ಸೇರುತ್ತಿದ್ದರು. ಮೆಟ್ಟುಗತ್ತಿಯ ಮೇಲೆ ಕಾಲೂರಿ ಕೂತರೆ ಕೈ ಅಡಿಕೆಯದು, ಬಾಯಿ ಊರಿನದು. ಯಾರು ಯಾರ ಮನೆಗೆ ಎಷ್ಟು ದಿನ ಸುಲಿಯಲು ಹೋದರು, ಯಾರ ಮದುವೆಗೆ ಯಾರ ಮನೆಯಿಂದ ಎಷ್ಟು ಸೇರು ಹಾಲು ಹೋಯಿತು, ತಂದ ಹಂಡೆ ವಾಪಸು ಬಂತೋ ಇಲ್ಲವೋ, ಎಲ್ಲ ಅವಳ ತಲೆಯಲ್ಲಿ. ಭದ್ರಾವತಿ ಆಕಾಶವಾಣಿ ಅಡಿಕೆ ಧಾರಣೆ ಹೇಳುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ರೇಡಿಯೊ ಓದುತ್ತಿದ್ದರೆ ಅಜ್ಜಿ ಒಂದೊಂದಕ್ಕೂ "ಹ್ಞೂಂ" ಎಂದು ಒಪ್ಪಿಗೆ ಕೊಡುತ್ತಿದ್ದಳು.

ಕಿರಿಯ ಮಗ ಊರಲ್ಲೇ ಉಳಿದು ತೋಟ ನೋಡಿಕೊಂಡವನು. ಅಡಿಕೆ ಧಾರಣೆ ಬಿದ್ದ ವರ್ಷಗಳಲ್ಲಿ ಗೊಬ್ಬರಕ್ಕೆ, ಕೂಲಿಗೆ ದುಡ್ಡಿಲ್ಲದೆ ಅವನು ತಲೆ ಮೇಲೆ ಕೈಹೊತ್ತು ಕೂತರೆ, ಅಜ್ಜಿ ಸಂಜೆ ಹೊತ್ತಿಗೆ ದೊಡ್ಡಮ್ಮನ ಮನೆಗೆ ಹೋಗಿ ಬಂದು ನೋಟು ಕೊಡುತ್ತಿದ್ದಳು. "ದೊಡ್ಡಮ್ಮಂದು. ಫಸಲು ಬಂದ ಮೇಲೆ ವಾಪಸು ಕೊಡು, ಅವಳ ಹತ್ರ ಮಾತ್ರ ಸುದ್ದಿ ಎತ್ತಬೇಡ, ನಾಚ್ಕೋತಾಳೆ" ಎಂಬ ಷರತ್ತು ಇರುತ್ತಿತ್ತು. ಮಗ ಮರ್ಯಾದೆಯಿಂದ ತೀರಿಸುತ್ತಿದ್ದ. ದೊಡ್ಡಮ್ಮ ಎದುರಾದರೆ ಬೈಕ್ ನಿಲ್ಲಿಸಿ ನಮಸ್ಕಾರವನ್ನೂ ಹಾಕುತ್ತಿದ್ದ. ಈ ಹುಡುಗನಿಗೆ ತನ್ನ ಮೇಲೇಕೆ ಇಷ್ಟು ಭಕ್ತಿ ಎಂದು ಆಕೆಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಮೂರನೆಯ ದಿನ ಅಜ್ಜಿ ಮೊಮ್ಮಗನನ್ನು ಅಡುಗೆಮನೆಗೆ ಕರೆದು, "ಅಪ್ಪಿ, ಸಾಸಿವೆ ಡಬ್ಬದಲ್ಲಿ ಇದ್ದದ್ದೂ ರದ್ದಾ?" ಎಂದು ಪಿಸುಗುಟ್ಟಿದಳು. ಸಾಸಿವೆಯ ಕೆಳಗಿನಿಂದ ಶುರುವಾದದ್ದು ಮೆಂತ್ಯಕ್ಕೆ ಹೋಯಿತು, ಅಲ್ಲಿಂದ ಹಳೇ ಓವಲ್ಟಿನ್ ಡಬ್ಬಕ್ಕೆ, ಅಲ್ಲಿಂದ ಮರದ ಸಂದೂಕದಲ್ಲಿದ್ದ ಮದುವೆ ಸೀರೆಯ ಮಡಿಕೆಗೆ. ಎಣಿಸಿ ಮುಗಿಸುವ ಹೊತ್ತಿಗೆ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ನೋಟುಗಳಿಗೆ ಮೆಂತ್ಯದ ವಾಸನೆ. ಕಿರಿಯ ಮಗ ಒಂದು ನೋಟು ಎತ್ತಿ ಮೂಸಿದ, ಮತ್ತೊಂದನ್ನು ಮೂಸಿದ. ದೊಡ್ಡಮ್ಮನ ಸಾಲದ ನೋಟುಗಳಿಗೂ ಇದೇ ವಾಸನೆ ಇರುತ್ತಿತ್ತಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ನಂದು ಅಂತ ಕೊಟ್ಟಿದ್ರೆ ನೀ ವಾಪಸು ಕೊಡ್ತಿದ್ಯಾ?" ಎಂದಳು ಅಜ್ಜಿ. ಮಗನಲ್ಲಿ ಉತ್ತರವಿರಲಿಲ್ಲ. ಡಿಸೆಂಬರ್ 30ರ ಗಡುವಿನೊಳಗೆ ಅಷ್ಟೂ ಹಣ ಬ್ಯಾಂಕಿಗೆ ಹೋಯಿತು. ಪಾಸ್‌ಬುಕ್ಕನ್ನು ಅಜ್ಜಿ ಸಾಸಿವೆ ಡಬ್ಬದಲ್ಲಿಟ್ಟಳು.

ಅವಳು ನಂಬುತ್ತಿದ್ದುದು ಆಣೆಯನ್ನು. ನಾಲ್ಕಾಣೆ, ಎಂಟಾಣೆ ಎಂದೇ ಕೊನೆಯವರೆಗೂ ಲೆಕ್ಕ. 2011ರ ಜೂನ್ 30ರಿಂದ 25 ಪೈಸೆ ಚಲಾವಣೆಯಲ್ಲಿಲ್ಲ ಎಂದು ರೇಡಿಯೊ ಹೇಳಿದ ದಿನ, "ಪಾಪ, ನಾಲ್ಕಾಣೆ ಹೋಯ್ತಂತೆ" ಎಂದು ನೆಂಟರ ಸುದ್ದಿ ತಿಳಿಸುವ ಹಾಗೆ ತಿಳಿಸಿದ್ದಳು.

ಮಕ್ಕಳ ಮುಖ್ಯ ತಕರಾರು ಬೇರೆಯೇ ಇತ್ತು. ತಮ್ಮನ್ನು ಬೆಳೆಸಿದ ಅಮ್ಮನೂ ತಮ್ಮ ಮಕ್ಕಳಿಗೆ ಸಿಕ್ಕ ಈ ಅಜ್ಜಿಯೂ ಒಬ್ಬಳೇ ಎಂದು ನಂಬಲು ಅವರು ತಯಾರಿರಲಿಲ್ಲ. ಸ್ಲೇಟು ಒಡೆದುಕೊಂಡು ಬಂದದ್ದಕ್ಕೆ ದೊಡ್ಡ ಮಗನಿಗೆ ಬಾಸುಂಡೆ ಎದ್ದಿತ್ತು. ಅವನ ಮಗ ಹದಿನೆಂಟು ಸಾವಿರದ ಮೊಬೈಲನ್ನು ಬಾವಿಕಟ್ಟೆಯ ಮೇಲೆ ಬೀಳಿಸಿದಾಗ ಅಜ್ಜಿ, "ಗಾಜಿಂದು ಒಡೀದೇ ಇನ್ನೆಂತ ಮಾಡ್ತದೆ? ಹುಡುಗನ ಕೈಗೆ ಪೆಟ್ಟಾಗ್ಲಿಲ್ವಲ್ಲ" ಎಂದಳು. "ಅಮ್ಮಾ, ನನ್ನ ಸ್ಲೇಟು?" ಎಂದು ಅರವತ್ತು ದಾಟಿದ ಮಗ ಕೇಳಿದ. "ಅದು ಆರಾಣೆ ಕೊಟ್ಟು ತಂದದ್ದು" ಎಂಬ ಉತ್ತರ ಬಂತು.

ಊಟದ ಹೊತ್ತಿಗೆ ಅಜ್ಜಿಗೆ ಕಿವಿ ಮಂದವಾಗುತ್ತಿತ್ತು. 'ಸಾಕು' ಎಂದದ್ದು ಅವಳಿಗೆ 'ಹಾಕು' ಎಂದೇ ಕೇಳಿಸುತ್ತಿತ್ತು. ಅದೇ ಕಿವಿಗೆ ಅಟ್ಟದ ಮೇಲೆ ಯಾರೋ ಅಪ್ಪೆಮಿಡಿಯ ಭರಣಿಯ ಬಟ್ಟೆ ಬಿಚ್ಚಿದ ಸದ್ದು ಕೆಳಗಿನ ಕೊಟ್ಟಿಗೆಯಿಂದಲೇ ಕೇಳುತ್ತಿತ್ತು. ಮಿಡಿಯ ವಿಷಯದಲ್ಲಿ ಯಾರನ್ನೂ ನಂಬುವವಳಲ್ಲ. ಮರದಿಂದ ಉದುರಿಸಿದ್ದು ಬೇಡ, ಗೊಂಚಲಾಗಿ ಇಳಿಸಬೇಕು. ತೊಟ್ಟು ಮುರಿಯಬಾರದು, ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳವಿಲ್ಲ, ಮಿಡಿಯೂ ಬಾಳುವುದಿಲ್ಲ. ಹರಳುಪ್ಪಿನಲ್ಲಿ ಮಿಡಿ ಸುಕ್ಕುಗಟ್ಟಿದ ಮೇಲೆಯೇ ಖಾರದ ಮಾತು. ಮಲೆನಾಡಿನ ಈ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಎಂದು ಮೊಮ್ಮಗಳು ಪೇಪರು ಓದಿ ಹೇಳಿದಾಗ, "ಗುರುತು ಸಿಗದೇ ಇದ್ದದ್ದು ಯಾರಿಗೆ?" ಎಂದು ಕೇಳಿದ್ದಳು.

2023ರ ಜೂನ್ 11ಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾಯಿತು. ಅಜ್ಜಿಯ ಊರಿನ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. "ಊಟಕ್ಕೆ ಕರೆದು ಬಾಗಿಲು ಹಾಕ್ಕೊಂಡಂಗಾಯ್ತು" ಎಂದವಳು ಸುಮ್ಮನೆ ಕೂರಲಿಲ್ಲ. ಒಂದು ದಿನ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟು ಸಾಗರಕ್ಕೆ ಹೋದಳು. ಅಲ್ಲಿ ಸರ್ಕಾರಿ ಬಸ್ಸು ಹಿಡಿದು, ಜನವರಿ 1ರ ಆಧಾರ್ ತೋರಿಸಿ, ಏನೂ ಕೆಲಸವಿಲ್ಲದ ಶಿವಮೊಗ್ಗಕ್ಕೆ ಹೋಗಿ ಬಂದಳು. ಪುಕ್ಕಟೆ ಕೂರಲು ನಾಚಿಕೆಯಾಗಿ ಕಂಡಕ್ಟರನ ಕೈಗೆ ಎರಡು ಮೊಗೆಕಾಯಿ ತುರುಕಿದ್ದಳಂತೆ. ಸೊನ್ನೆ ರೂಪಾಯಿಯ ಆ ಟಿಕೆಟ್ಟುಗಳು ಸಂದೂಕ ಸೇರಿದವು.

ಮರುವರ್ಷದ ಮಳೆಗಾಲದಲ್ಲಿ, ಕಾಫಿ ಕುಡಿದು ಲೋಟ ತೊಳೆದಿಟ್ಟು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಮರಣಪತ್ರಕ್ಕೆ ಗಂಡನ ಹೆಸರು ಕೇಳಿದರು. ಆಧಾರಿನಲ್ಲಿ ತಿಮ್ಮಪ್ಪ, ರೇಷನ್ ಕಾರ್ಡಿನಲ್ಲಿ ತಿರುಪತಿ. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಲು ಕಿರಿಯ ಮಗ ಎರಡು ಸಲ ತಾಲೂಕು ಕಚೇರಿಗೆ ಓಡಾಡಿದ.

ಈಚೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಕೊಟ್ಟಿಗೆಯಲ್ಲಿದ್ದ ಕಪ್ಪು ಕರುವನ್ನು ಕಂಡು, ಇದಕ್ಕೆಷ್ಟು ವಯಸ್ಸು ಎಂದು ಕೇಳಿದಳು. ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು, ಚಿಕ್ಕಮ್ಮನ ಕೈಯಲ್ಲಿ ಮೊಬೈಲೂ ಇತ್ತು. ಚಿಕ್ಕಮ್ಮ ಎರಡನ್ನೂ ನೋಡದೆ ಬೆರಳು ಮಡಚುತ್ತ ಹೇಳಿದಳು: "ಅದಾ? ಅಜ್ಜಿ ಹೋದ ವರ್ಷ ಹುಟ್ಟಿದ್ದು, ನೆಟ್ಟಿ ಮುಗಿದ ಮಾರನೇ ದಿನ."