ಓಣಿಯ ಮದ್ದಕ್ಕ

ಬೇಸಿಗೆಯಲ್ಲಿ ಖಾರ ಕುಟ್ಟಿಸುವ ಹಂಗಾಮು ಬಂತೆಂದರೆ ಉತ್ತರ ಕರ್ನಾಟಕದ ಯಾವ ಓಣಿಯಲ್ಲೂ ಮದ್ದಕ್ಕ ಪ್ರತ್ಯಕ್ಷಳಾಗುತ್ತಾಳೆ. ವಯಸ್ಸು ಐವತ್ತರ ಮೇಲೆ, ವಾಸ ಎರಡು ಮನೆ ಆಚೆ, ಕಿವಿ ಬಹಳ ಚುರುಕು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಮೆಣಸಿನಕಾಯಿ ತಂದು ಮನೆಮಂದಿ ಬರಿಗೈಯಲ್ಲಿ ತೊಟ್ಟು ಮುರಿಯಲು ಕೂತರೆ, ಸಂಜೆಯೊಳಗೆ ಒಬ್ಬರ ಕೈಯಾದರೂ ಉರಿಯುತ್ತದೆ. ಮೊದಲ ‘ಅಯ್ಯಯ್ಯೋ’ ಮುಗಿಯುವಷ್ಟರಲ್ಲಿ ಮದ್ದಕ್ಕ ಹೊಸ್ತಿಲಲ್ಲಿ: “ಏನಾತವಾ? ಕೈ ಉರಿಯಾಕತ್ತೇತೇನ? ತಡಿ, ನಾ ಹೇಳ್ತೀನಿ.”

ಮದ್ದಕ್ಕನ ಚಿಕಿತ್ಸೆಗೆ ಕ್ರಮವಿದೆ. ಮೊದಲನೆಯದು ತಣ್ಣೀರು. ಕೈ ನೀರಲ್ಲಿರುವವರೆಗೆ ಹಾಯೆನಿಸುತ್ತದೆ, ತೆಗೆದೊಡನೆ ಮತ್ತೆ ಉರಿ. ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಲ್ಲಿ ಕರಗುವುದಿಲ್ಲ, ಮದ್ದಕ್ಕನ ಪ್ರಕಾರ “ನಿಮ್ಮ ನಳದ ನೀರೇ ಸರಿ ಇಲ್ಲ.” ಎರಡನೆಯದು ಬೆಲ್ಲ. ತಿಂದರೆ ನಾಲಿಗೆಯ ಖಾರ ತಗ್ಗೀತು. ಅಂಗೈಗೆ ತಿಕ್ಕಿದರೆ ಇರುವೆಗಳಿಗೆ ಅನುಕೂಲ. ಮೂರನೆಯದು ಸಕಲ ನೋವಿಗೂ ಆಕೆ ಹೇಳುವ ಬಿಸಿನೀರಿನ ಶಾಖ. ಇಲ್ಲಿ ರೋಗಿಯ ದನಿ ಓಣಿಯ ತುದಿಗೂ ಕೇಳುತ್ತದೆ. ಚರ್ಮದ ನರಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಮಿದುಳಿಗೆ ತಿಳಿಸುವ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆಣಕುವುದು. ಅದರ ಮೇಲೆ ನಿಜವಾದ ಬಿಸಿಯೂ ಸೇರಿದರೆ ಉರಿ ಹೆಚ್ಚುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮದ್ದಕ್ಕನಿಗೆ ಸಿಗುವುದು ಒಂದು ಕಪ್ ಚಹಾ.

ಚಹಾದ ನಂತರ ಗುಣವಿರುವ ಮದ್ದುಗಳು ಹೊರಬೀಳುತ್ತವೆ. ತಣ್ಣನೆಯ ಗಟ್ಟಿ ಮೊಸರು ಒಂದಿಷ್ಟು ಹೊತ್ತು ಉರಿ ತಣಿಸುತ್ತದೆ. ಶೇಂಗಾ ಎಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಇನ್ನೂ ವಾಸಿ, ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ. ಆದರೆ ಕರಗಿದ್ದನ್ನು ಸಾಬೂನು ಹಚ್ಚಿ ತೊಳೆಯದಿದ್ದರೆ ಅದು ಕೈತುಂಬ ಹರಡುತ್ತದೆ. ಮದ್ದಕ್ಕ ಸಾಬೂನಿನ ಕಡುವೈರಿ: “ತೊಳದ್ರ ಮದ್ದೆಲ್ಲಾ ಹೋಗತೈತಿ!” ಆಕೆ ಅತ್ತ ತಿರುಗಿದಾಗ ಮನೆಯ ಸೊಸೆ ಬಚ್ಚಲಿಗೆ ಹೋಗಿ, ಪಾತ್ರೆ ತಿಕ್ಕುವ ಸಾಬೂನಿನಿಂದ ಕೈ ತೊಳೆದು, ಮತ್ತೆ ಎಣ್ಣೆ ಸವರಿ, ಮತ್ತೊಮ್ಮೆ ತೊಳೆದು ಬರುತ್ತಾಳೆ. ಅಷ್ಟರಲ್ಲಿ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡವರಿಗೆ ಮದ್ದಕ್ಕನ ಶಾಸ್ತ್ರದಲ್ಲಿ ಬೇರೆಯೇ ಅಧ್ಯಾಯವಿದೆ. ಅದನ್ನು ಕೇಳದೆ ಕಣ್ಣಿಗೆ ಧಾರಾಳ ತಣ್ಣೀರು ಹಾಕಿ ತೊಳೆಯುವುದು ಕ್ಷೇಮ.

ಏನೂ ಮಾಡದಿದ್ದರೂ ಉರಿ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಮದ್ದಕ್ಕನ ಕೀರ್ತಿಗೆಲ್ಲ ಇದೇ ಅಡಿಪಾಯ. ಇಳಿಯುವ ಹೊತ್ತಿಗೆ ಕೈಮೇಲೆ ಯಾವ ಮದ್ದಿತ್ತೋ ಅದಕ್ಕೇ ಹೆಸರು. ಹೀಗಾಗಿ ಒಂದು ಮನೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಮೊಸರು ರಾಮಬಾಣವಾಗಿ ಉಳಿದಿವೆ.

ಆಕೆಯ ಅತ್ಯುತ್ತಮ ಸಲಹೆ ತೊಟ್ಟು ಮುರಿಯುವ ಮೊದಲೇ ಕೈಗೆ ಎಣ್ಣೆ ಸವರಿ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಬೇಕೆಂಬುದು. ಅದು ನೂರಕ್ಕೆ ನೂರು ಸರಿ. ಮೆಣಸಿನಕಾಯಿಯೆಲ್ಲ ಗಿರಣಿಗೆ ಹೋದ ಮೇಲೆ, ಚಪ್ಪಲಿ ಮೆಟ್ಟುತ್ತಾ ಮದ್ದಕ್ಕ ಅದನ್ನು ತಪ್ಪದೆ ಹೇಳುತ್ತಾಳೆ.