ತಡವಾಗಿ ಬಂದರೆ ದಂಡ

ಕೆನ್ಯಾದ ಹಳ್ಳಿಗಳಲ್ಲಿ ಹೆಂಗಸರು ಕಟ್ಟಿಕೊಳ್ಳುವ ಉಳಿತಾಯ ಸಂಘಕ್ಕೆ 'ಚಾಮಾ' ಎನ್ನುತ್ತಾರೆ. ನಮ್ಮ ಚೀಟಿಯನ್ನೂ ಸ್ತ್ರೀಶಕ್ತಿ ಸಂಘವನ್ನೂ ಒಟ್ಟಿಗೆ ಕಲಸಿದರೆ ಹೆಚ್ಚುಕಡಿಮೆ ಅದೇ. ಕೆಲವು ಕಡೆ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಅದಕ್ಕೆ ಮೂರು ಬೀಗ, ಮೂರು ಬೀಗದ ಕೈ ಮೂವರು ಹೆಂಗಸರ ಹತ್ತಿರ. ಮೂವರೂ ಸೇರದೆ ಪೆಟ್ಟಿಗೆ ತೆರೆಯುವುದಿಲ್ಲ. ಇದರ ಬೇರು 1991ರಲ್ಲಿ ನೈಜರ್ ದೇಶದ ಮರಾಡಿಯಲ್ಲಿ ಕೇರ್ ಎಂಬ ನೆರವು ಸಂಸ್ಥೆ ಶುರುಮಾಡಿದ ಉಳಿತಾಯ ಗುಂಪುಗಳಲ್ಲಿದೆ, ಅಲ್ಲಿಂದ ಆಫ್ರಿಕಾದ ಉದ್ದಗಲಕ್ಕೂ ಹಬ್ಬಿತು. ಷೇರು, ಸಾಲ, ಬಡ್ಡಿ ಎಲ್ಲವನ್ನೂ ಎಲ್ಲರ ಕಣ್ಣೆದುರೇ ಎಣಿಸುತ್ತಾರೆ, ವರ್ಷದ ಕೊನೆಗೆ ಹಂಚಿಕೊಳ್ಳುತ್ತಾರೆ. ಬಡ್ಡಿ ಕಟ್ಟಿದವಳೂ ತಾನೇ, ಬಡ್ಡಿ ತಿಂದವಳೂ ತಾನೇ. ಸಭೆಗೆ ತಡವಾಗಿ ಬಂದರೆ ದಂಡ. ಆ ದುಡ್ಡಿಗೆಂದೇ ಒಂದು ಬಟ್ಟಲು.

ಇಂಥ ಒಂದು ಸಂಘಕ್ಕೆ 'ಬೆಂಬಲ' ಕೊಡಲು ಅಮೆರಿಕದ ಚರ್ಚೊಂದರಿಂದ ಹನ್ನೆರಡು ಮಂದಿ ಹೊರಟಿದ್ದಾರೆಂದು ಇಟ್ಟುಕೊಳ್ಳಿ. ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು, ಬೆನ್ನಿಗೆ ಆಫ್ರಿಕಾದ ನಕ್ಷೆ, ನಕ್ಷೆಯ ನಡುವೆ ಒಂದು ಹೃದಯ. ಹೋಗುವುದು ಪಶ್ಚಿಮ ಕೆನ್ಯಾದ ಒಂದೇ ಒಂದು ಹಳ್ಳಿಗೆ. ಟೀ ಶರ್ಟು ಅಚ್ಚು ಹಾಕಿದವನಿಗೆ ಮಾತ್ರ ಇಡೀ ಖಂಡವೇ ಒಂದು ತಾಲೂಕು. ಒಟ್ಟು ಹತ್ತು ದಿನದ ಸೇವೆ, ಅದರಲ್ಲಿ ಕೊನೆಯ ಎರಡು ದಿನ ಮಸಾಯಿ ಮಾರಾದ ಸಿಂಹಗಳಿಗೆ ಮೀಸಲು. ತಲೆಗೆ ಮೂರು ಸಾವಿರ ಡಾಲರಿನಂತೆ ಲೆಕ್ಕ ಹಾಕಿದರೆ 36,000. ನೂರು ಡಾಲರಿನಂತೆ 360 ಹೆಂಗಸರಿಗೆ ಸಾಲ ಸಿಗುತ್ತಿತ್ತು. ಆದರೆ ದುಡ್ಡೊಂದೇ ಹೋದರೆ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರು ಯಾರು?

ಹೋದ ಮೇಲೆ ಮಾಡುವುದೇನು ಎಂಬುದು ಕಷ್ಟದ ಪ್ರಶ್ನೆ. ಮೂರು ಬೀಗದ ಪೆಟ್ಟಿಗೆಯ ಮುಂದೆ ಓಹಿಯೋದ ನಿವೃತ್ತ ದಂತವೈದ್ಯರಿಗೆ ಏನು ಕೆಲಸ? ಕೊನೆಗೆ ಒಂದು ಕೆಲಸ ಸಿಗುತ್ತದೆ: ಹಣ ಉಳಿಸುವ ತರಬೇತಿ. ಕ್ರೆಡಿಟ್ ಕಾರ್ಡಿನ ಬಾಕಿಯೇ 2023ರಲ್ಲಿ ಒಂದು ಲಕ್ಷ ಕೋಟಿ ಡಾಲರ್ ದಾಟಿದ ದೇಶದಿಂದ ಬಂದವರು, ಸಂತೆಯಲ್ಲಿ ಟೊಮೆಟೊ ಗುಡ್ಡೆ ಹಾಕಿ ಮಾರಿ ಮಕ್ಕಳ ಫೀಸು ಕಟ್ಟುವವಳಿಗೆ ಉಳಿತಾಯ ಹೇಳಿಕೊಡುತ್ತಾರೆ. ಅವಳು ಮುಖದಲ್ಲಿ ನಗು ಕಾಣಿಸದಂತೆ ಕೇಳಿಸಿಕೊಳ್ಳುತ್ತಾಳೆ. ದೊಡ್ಡ ಮನಸ್ಸು.

ತರಬೇತಿಗೆ ಮೊದಲು ಬೈಬಲ್. ಜ್ಞಾನೋಕ್ತಿಗಳ 31ನೇ ಅಧ್ಯಾಯ ಇಂಥ ಕಡೆ ತಪ್ಪುವುದಿಲ್ಲ. ಅದರ ಗುಣವಂತೆ ಹೊಲ ಕೊಳ್ಳುತ್ತಾಳೆ, ನೂಲುತ್ತಾಳೆ, ನೇಯ್ದದ್ದನ್ನು ಮಾರುತ್ತಾಳೆ, ಹೊತ್ತು ಮೂಡುವ ಮೊದಲೇ ಏಳುತ್ತಾಳೆ. ಕೇಳುತ್ತ ಕೂತವಳು ಆ ಹೊತ್ತಿಗೆ ಎರಡು ಸಲ ನೀರು ಹೊತ್ತು ಬಂದಿರುತ್ತಾಳೆ. ಬಡವನಿಂದ ಬಡ್ಡಿ ತೆಗೆದುಕೊಳ್ಳಬೇಡ ಎನ್ನುವ ಯಾಜಕಕಾಂಡದ 25ನೇ ಅಧ್ಯಾಯದ ಪುಟ ಮಾತ್ರ ಯಾಕೋ ಅಂಟಿಕೊಂಡುಬಿಟ್ಟಿರುತ್ತದೆ. ಹಣ ಬದಲಾಯಿಸಿಕೊಡುವವರ ಮೇಜನ್ನು ಯೇಸು ದೇವಾಲಯದಲ್ಲಿ ಮಗುಚಿ ಹಾಕಿದ ಕತೆಯನ್ನೂ, ಮೇಜಿನ ಮೇಲೆ ಸಾಲದ ಪುಸ್ತಕ ಇರುವಾಗ ಓದದಿರುವುದೇ ಕ್ಷೇಮ.

ಬೈಬಲ್ ಹಿಡಿದು ನಮ್ಮ ಕಡೆಗೂ ಬಂದವರಿದ್ದರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಬಂದದ್ದು 1853ರಲ್ಲಿ, ಅವನ ನಿಘಂಟು ಅಚ್ಚಾದದ್ದು 1894ರಲ್ಲಿ. ಮತಾಂತರದ ಬಗ್ಗೆ ಬೇಕಾದಷ್ಟು ಜಗಳ ಆಡೋಣ, ಆದರೆ ಪುಣ್ಯಾತ್ಮ ಕನ್ನಡ ಕಲಿತ. ಈ ಹನ್ನೆರಡು ಮಂದಿಗೆ ಬರುವುದು 'ಜಾಂಬೊ' ಒಂದೇ. ಅದು ಪ್ರವಾಸಿಗರಿಗೆಂದು ತೆಗೆದಿಟ್ಟ ಸ್ವಾಹಿಲಿ. ಈ ಹಳ್ಳಿಯ ಮನೆಮಾತು ಲುವೊ.

ಇವರೇ ಚಾಮಾದಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದರೆ? ಕೆಲವು ತಿಂಗಳಾದರೂ ಸಭೆಯಲ್ಲಿ ಕೂತು ಷೇರು ಕಟ್ಟಿರಬೇಕು, ಇವರು ಬಂದದ್ದು ನಿನ್ನೆ. ಜಾಮೀನಿಗೆ ಗುರುತಿನವರು ಬೇಕು, ಇವರನ್ನು ಬಲ್ಲವನು ವ್ಯಾನಿನ ಡ್ರೈವರ್ ಒಬ್ಬನೇ, ಅವನೂ ನೈರೋಬಿಯವನು. ಮುಂದಿನ ವಾರ ಇವರು ಊರಲ್ಲೇ ಇರುವುದಿಲ್ಲ. ಅರ್ಜಿ ವಜಾ.

ವಜಾ ಆದರೂ ಸಾಲ ಎತ್ತಿಕೊಂಡೇ ಹೋಗುತ್ತಾರೆ: ಒಂದಿಷ್ಟು ಕಣ್ಣೀರು, ಒಂದಿಷ್ಟು ಅಪ್ಪುಗೆ, 'ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ನಗುತ್ತಾರೆ' ಎಂಬ ಉದ್ಗಾರ, ಊರಿಗೆ ಮರಳಿ ಭಾನುವಾರ ಹೇಳಲು ಒಂದು ಸಾಕ್ಷಿ. ಆ ಸಾಕ್ಷಿಯಲ್ಲಿ ಸಾಲದಲ್ಲಿ ಕೊಂಡ ಒಂದು ಹೊಲಿಗೆ ಮಿಷನ್ನು ಇಡೀ ಊರನ್ನೇ ಉದ್ಧಾರ ಮಾಡಿರುತ್ತದೆ. ಆದರೆ ನಮ್ಮ ಹೈದರಾಬಾದಿನದೂ ಸೇರಿ ಆರು ದೇಶಗಳ ಕಿರುಸಾಲದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕೆಲವರಿಗೆ ವ್ಯಾಪಾರಕ್ಕೆ ತುಸು ಅನುಕೂಲ ಆಯಿತು, ಬದುಕೇ ಬದಲಾಗುವ ಪವಾಡ ಎಲ್ಲೂ ಕಾಣಲಿಲ್ಲ ಎಂಬುದು ಅವುಗಳ ಸಾರ. ನೀರು ದ್ರಾಕ್ಷಾರಸವಾದದ್ದನ್ನು ನಂಬುವವರ ಮುಂದೆ ಅಂಕಿಅಂಶ ಏನು ಮಾಡೀತು.

ನಾವೇನು ಕಡಿಮೆ? ಬೆಂಗಳೂರಿಂದ ಸಾಹೇಬರು ಬರುತ್ತಾರೆಂದರೆ ನಮ್ಮ ಸಂಘದ ಅಕ್ಕಂದಿರು ಅಂದಿನ ಕೂಲಿ ಬಿಟ್ಟು, ಒಂದೇ ಬಣ್ಣದ ಸೀರೆಯುಟ್ಟು, ಕುಂಭ ಹೊತ್ತು ಬಿಸಿಲಲ್ಲಿ ನಿಲ್ಲುತ್ತಾರೆ. ಸಾಹೇಬರಿಗೆ ದಂಡ ಹಾಕಿದ ಸಂಘ ನಾನಂತೂ ಕಂಡಿಲ್ಲ.

ಚಾಮಾದವರೂ ಹಾಕಲಿಲ್ಲ. ಹನ್ನೆರಡು ಮಂದಿ ಬಂದದ್ದು ಎರಡು ಗಂಟೆ ತಡವಾಗಿ, ದಂಡದ ಬಟ್ಟಲು ಖಾಲಿಯೇ ಉಳಿಯಿತು. ಬದಲಿಗೆ ಹಾಡು, ಕುಣಿತ, ಕೋಳಿ ಸಾರು, ಚಪಾತಿ. ವ್ಯಾನು ಧೂಳೆಬ್ಬಿಸಿ ಹೋದ ಮೇಲೆ ಮೂವರೂ ಬೀಗದ ಕೈ ತೆಗೆದರು. ಕೋಳಿ ನಾಲ್ಕು, ಸೋಡಾ ಒಂದು ಕ್ರೇಟು, ಹಿಟ್ಟು, ಎಣ್ಣೆ, ಪ್ಲಾಸ್ಟಿಕ್ ಕುರ್ಚಿಯ ಬಾಡಿಗೆ. ಯಾವ ಖಾತೆಗೆ ಬರೆಯುವುದು ಎಂದು ಕಾರ್ಯದರ್ಶಿ ಕೇಳಿದಳು. ಸಾಲದ ಹಣ ಮುಟ್ಟುವಂತಿಲ್ಲ, ಷೇರು ಹಣ ಮುಟ್ಟುವಂತಿಲ್ಲ. ಉಳಿದದ್ದು ಒಂದೇ ನಿಧಿ. ಕಾಯಿಲೆ, ಸಾವು, ಗುಡಿಸಲಿಗೆ ಬೆಂಕಿ ಎಂದು ತೆಗೆದಿಟ್ಟದ್ದು. ಅದಕ್ಕೇ ಬರೆದರು.